ಮಸಲ್ ಕಾರು ಕೊಳ್ಳುವ ಮೊದಲು ಡ್ಯಾಶ್‌ಬೋರ್ಡ್ ಓದಿ: ಕಂಪನಿ ಫಿಟ್ಟಿಂಗ್ ಮೀಟರುಗಳನ್ನು ಪರೀಕ್ಷಿಸುವ ಕ್ರಮ

ಸಾಧಾರಣ ಕಾರಿಗೆ ದೊಡ್ಡ ವಿ-8 ಎಂಜಿನ್ ಕೂರಿಸಿದ ಅಮೆರಿಕದ ವೇಗದ ಕಾರುಗಳನ್ನು ಮಸಲ್ ಕಾರು ಎನ್ನುತ್ತಾರೆ. 1964ರಲ್ಲಿ ಪಾಂಟಿಯಾಕ್ ಕಂಪನಿ ಜಿಟಿಒ ಹೆಸರನ್ನು ಮಾರುಕಟ್ಟೆಗೆ ತಂದಾಗ ಅದು ಪ್ರತ್ಯೇಕ ಕಾರಾಗಿರಲಿಲ್ಲ. ಟೆಂಪೆಸ್ಟ್ ಲೆ ಮಾನ್ಸ್ ಬುಕ್ ಮಾಡುವವರು ಆಪ್ಷನ್ ಪಟ್ಟಿಯಲ್ಲಿ ಜಿಟಿಒ ಕೇಳಿದರೆ 389 ಘನ ಇಂಚಿನ, 325 ಅಶ್ವಶಕ್ತಿಯ ವಿ-8 ಎಂಜಿನ್ ಸಿಗುತ್ತಿತ್ತು. ಮೂರು ಕಾರ್ಬ್ಯುರೇಟರಿನ ಟ್ರೈ-ಪವರ್ ಬೇಕೆಂದರೆ 348 ಅಶ್ವಶಕ್ತಿ. ಅಲ್ಲಿಂದ 1972ರ ಆಸುಪಾಸಿನ ತನಕ ನಡೆದದ್ದೆಲ್ಲ ಹೀಗೆಯೇ. ಒಂದೇ ಕಾರು, ಉದ್ದನೆಯ ಆಪ್ಷನ್ ಪಟ್ಟಿ. ಹೊರಗಿನಿಂದ ಅವಳಿ ಜವಳಿಯಂತೆ ಕಾಣುವ ಎರಡು ಷೆವರ್ಲೆ ಕ್ಯಾಮರೊಗಳಲ್ಲಿ ಒಂದು ಆರು ಸಿಲಿಂಡರಿನ ಸಾದಾ ಕಾರಾಗಿ ಕಾರ್ಖಾನೆಯಿಂದ ಹೊರಟಿರುತ್ತದೆ, ಇನ್ನೊಂದು ಝಡ್-28 ಎಂಬ ವೇಗದ ಮಾದರಿಯಾಗಿ. ಇವತ್ತು ಅವೆರಡರ ಬೆಲೆಗೆ ಅಜಗಜಾಂತರ.

ಆ ಅಂತರವೇ ನಕಲಿಗೆ ದಾರಿ ಮಾಡಿದೆ. ಬ್ಯಾಡ್ಜು, ಪಟ್ಟೆ, ಹುಡ್ಡು (ಬಾನೆಟ್), ಚಕ್ರ, ಸೀಟಿನ ಬಟ್ಟೆ, ಎಲ್ಲವೂ ಹೊಸದಾಗಿ ತಯಾರಾಗಿ ಅಂಗಡಿಯಲ್ಲಿ ಸಿಗುತ್ತವೆ. ಒಂದು ಚಳಿಗಾಲದ ಕೆಲಸದಲ್ಲಿ ಷೆವರ್ಲೆಯ ಸಾದಾ ಮಾಲಿಬು ದುಬಾರಿ ಎಸ್‌ಎಸ್ ಆಗಿಬಿಡುತ್ತದೆ. ನಕಲು ಮಾಡುವವರು ಹೆಚ್ಚಾಗಿ ಸೋಲುವುದು ಡ್ಯಾಶ್‌ಬೋರ್ಡಿನ ಹಿಂದೆ. ಮೀಟರ್ ಕೊಂಡು ಕೂರಿಸುವುದು ಸುಲಭ. ಆ ಮೀಟರಿಗೆ ಕಂಪನಿ ಹಾಕಿದ್ದ ವೈರಿಂಗ್, ಎಂಜಿನ್ನಿನ ಬಳಿಯ ಸೆಂಡರು (ಮೀಟರಿಗೆ ಮಾಹಿತಿ ಕಳಿಸುವ ಬಿಡಿಭಾಗ), ಹಿಂಭಾಗದ ಪ್ರಿಂಟೆಡ್ ಸರ್ಕ್ಯೂಟು, ಬಲ್ಬಿನ ಗೂಡು ಎಲ್ಲವನ್ನೂ ಹೊಂದಿಸುವುದು ತಾಳ್ಮೆಯ ಕೆಲಸ. ಆದ್ದರಿಂದ ಬಣ್ಣ ನೋಡಿ ಮನಸೋಲುವ ಮೊದಲು ಮೀಟರ್ ಬೋರ್ಡು ನೋಡಿ ಎನ್ನುತ್ತೇನೆ. ಅಮೆರಿಕದಲ್ಲಿ ನೆಲೆಸಿ, ಇಂಥ ಕಾರೊಂದನ್ನು ಮನೆಗೆ ತರಬೇಕೆಂದು ಹಣ ಕೂಡಿಸುತ್ತಿರುವ ಕನ್ನಡಿಗರಿಗೆ ಈ ಕ್ರಮ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಊರಲ್ಲೇ ಕೂತು ಈ ಕಾರುಗಳನ್ನು ಪ್ರೀತಿಸುವವರಿಗೂ ಚಿತ್ರದಲ್ಲಿ ಏನನ್ನು ಹುಡುಕಬೇಕು ಎಂಬುದು ಗೊತ್ತಾಗುತ್ತದೆ.

ಕಾರು ನೋಡಲು ಹೋಗುವಾಗ ಟಾರ್ಚು, ಹಿಡಿಯಿರುವ ಪುಟ್ಟ ಕನ್ನಡಿ, ಮಲ್ಟಿಮೀಟರು ಜೊತೆಗಿರಲಿ. ಫೋನಿನ ಕ್ಯಾಮರಾ ಹೇಗೂ ಇರುತ್ತದೆ.

ಹೆಜ್ಜೆ 1: ಮೊದಲು ನಂಬರು

ಮಾರುವವರಿಂದ ವಿನ್ ನಂಬರನ್ನು, ಅಂದರೆ ಕಾರಿನ ಗುರುತಿನ ನಂಬರನ್ನು, ಫೋನಿನಲ್ಲೇ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ. ಆ ಕಾಲದ ನಂಬರುಗಳು ಇಂದಿನ 17 ಅಕ್ಷರದವಲ್ಲ, ಚಿಕ್ಕವು. ಒಂದೊಂದು ಕಂಪನಿಯ ನಂಬರು ಒಂದೊಂದು ಗುಟ್ಟು ಹೇಳುತ್ತದೆ.

ಫೋರ್ಡಿನಲ್ಲಿ ಐದನೆಯ ಅಕ್ಷರ ಎಂಜಿನ್ನಿನದು. 1964ರ ಆಗಸ್ಟಿನ ನಂತರದ ಮೊದಲ ಮಸ್ಟಾಂಗುಗಳಲ್ಲಿ 289 ಎಂಜಿನ್ ಮೂರು ಬಗೆಯಲ್ಲಿ ಸಿಗುತ್ತಿತ್ತು. ಸಿ ಅಂದರೆ ಎರಡು ಬ್ಯಾರಲ್ ಕಾರ್ಬ್ಯುರೇಟರಿನದು, ಎ ಅಂದರೆ ನಾಲ್ಕು ಬ್ಯಾರಲಿನ 225 ಅಶ್ವಶಕ್ತಿಯದು, ಕೆ ಅಂದರೆ 271 ಅಶ್ವಶಕ್ತಿಯ ಹೈ-ಪರ್ಫಾರ್ಮೆನ್ಸ್. 1965 ಮತ್ತು 1966ರ ಜಿಟಿ ಪ್ಯಾಕೇಜು ಎ ಅಥವಾ ಕೆ ಎಂಜಿನ್ನಿನ ಜೊತೆ ಮಾತ್ರ ಬರುತ್ತಿತ್ತು. ಐದನೆಯ ಜಾಗದಲ್ಲಿ ಸಿ ಇದ್ದು, ಗ್ರಿಲ್ಲಿನಲ್ಲಿ ಜಿಟಿಯ ಫಾಗ್ ಲ್ಯಾಂಪು ಉರಿಯುತ್ತಿದ್ದರೆ ಅದು ಯಾರೋ ಮನೆಯಲ್ಲಿ ಮಾಡಿಕೊಂಡ ಜಿಟಿ.

ಕ್ರೈಸ್ಲರ್ ಬಳಗದಲ್ಲೂ ಐದನೆಯ ಅಕ್ಷರವೇ ಎಂಜಿನ್ನಿನದು. 1970ರ ಡಾಡ್ಜ್ ಚಾಲೆಂಜರಿನಲ್ಲಿ ಆರ್ ಅಂದರೆ 426 ಹೆಮಿ, ವಿ ಅಂದರೆ 440 ಸಿಕ್ಸ್ ಪ್ಯಾಕ್, ಯು ಅಂದರೆ ನಾಲ್ಕು ಬ್ಯಾರಲಿನ 440. ಇಷ್ಟು ಸ್ಪಷ್ಟವಾಗಿ ಹೇಳುವ ನಂಬರು ಷೆವರ್ಲೆಯಲ್ಲಿ ಸಿಗುವುದಿಲ್ಲ. 1971ರ ತನಕ ಷೆವರ್ಲೆ ನಂಬರು ಎಂಜಿನ್ ಆರು ಸಿಲಿಂಡರೋ ವಿ-8ಓ ಎಂಬುದನ್ನಷ್ಟೇ ಹೇಳುತ್ತದೆ. 1969ರ ಕ್ಯಾಮರೊ ಕೂಪೆ 12437 ಎಂದು ಶುರುವಾದರೆ ವಿ-8, 12337 ಆದರೆ ಆರು ಸಿಲಿಂಡರು. 12337 ಇರುವ ಝಡ್-28 ಇರಲು ಸಾಧ್ಯವೇ ಇಲ್ಲ. 12437 ಇದ್ದ ಮಾತ್ರಕ್ಕೆ ಝಡ್-28 ಎಂದೂ ಅಲ್ಲ.

ಮಾಲಿಬು ಸೇರಿದ ಷೆವೆಲ್ ಸಾಲಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. 1966ರಿಂದ 1968ರ ತನಕ ಎಸ್‌ಎಸ್ 396ಕ್ಕೆ ತನ್ನದೇ ಸರಣಿ ಇತ್ತು. ನಂಬರು 138 ಎಂದು ಶುರುವಾಗುತ್ತದೆ. 1969ರಿಂದ ಎಸ್‌ಎಸ್ ಬರೀ ಆಪ್ಷನ್ ಆಯಿತು, ನಂಬರು ಹೆಚ್ಚಾಗಿ ಮಾಲಿಬುವಿನಂತೆ 136. ಹಾಗಾಗಿ ಬಹಳ ಬೇಡಿಕೆಯಿರುವ 1970ರ ಎಸ್‌ಎಸ್ 454 ನಿಜವೋ ಅಲ್ಲವೋ ಎಂದು ನಂಬರಿನಿಂದ ತಿಳಿಯುವುದೇ ಇಲ್ಲ. ಇಂಥ ಕಾರಿನಲ್ಲೇ ಡ್ಯಾಶ್‌ಬೋರ್ಡಿನ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಹೆಜ್ಜೆ 2: ಕಾಗದ ಮತ್ತು ತಗಡಿನ ಪಟ್ಟಿ

ಪಾಂಟಿಯಾಕ್ ಕೊಳ್ಳುವವರು ಅದೃಷ್ಟವಂತರು. ಪಿಎಚ್‌ಎಸ್ ಸಂಸ್ಥೆಯ ಬಳಿ 1961ರಿಂದಾಚೆಗಿನ ಕಾರುಗಳ ಕಾರ್ಖಾನೆ ದಾಖಲೆ ಇದೆ. ಶುಲ್ಕ ಕಟ್ಟಿ ನಂಬರು ಕಳಿಸಿದರೆ ಆ ಕಾರಿಗೆ ಏನೇನು ಹಾಕಿದ್ದರೆಂದು ಬರೆದು ಕಳಿಸುತ್ತಾರೆ. ಫೋರ್ಡಿಗೆ 1967ರಿಂದ ಇಂಥದ್ದೇ ವಿವರ ಕೊಡುವ ಮಾರ್ಟಿ ರಿಪೋರ್ಟ್ ಇದೆ. 1965, 1966ರ ಮಸ್ಟಾಂಗಿಗೆ ಇಂಥದ್ದಿಲ್ಲ. ಬಾಗಿಲಿನ ತಗಡಿನಲ್ಲಿ ಬಾಡಿ, ಬಣ್ಣ, ಒಳಗಿನ ಟ್ರಿಮ್, ತಯಾರಾದ ದಿನ, ಆಕ್ಸಲ್, ಗೇರ್‌ಬಾಕ್ಸಿನ ಸಂಕೇತಗಳಿವೆ, ಆಪ್ಷನ್‌ಗಳಿಲ್ಲ.

ಕ್ರೈಸ್ಲರ್, ಡಾಡ್ಜ್, ಪ್ಲಿಮತ್‌ಗಳಲ್ಲಿ ಎಂಜಿನ್ ಕೋಣೆಯೊಳಗೆ ಚಾಲಕನ ಬದಿಯಲ್ಲಿ ಫೆಂಡರ್ ಟ್ಯಾಗ್ ಎಂಬ ಪುಟ್ಟ ತಗಡು ಇರುತ್ತದೆ. ಅದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಇ-74 ಅಂದರೆ ಹೆಮಿ, ಡಿ-21 ಅಂದರೆ ನಾಲ್ಕು ಗೇರಿನ ಮ್ಯಾನ್ಯುಯಲ್, ಎನ್-96 ಅಂದರೆ ಹೊರಗಾಳಿ ಎಳೆಯುವ ಹುಡ್ಡು. ಮೀಟರುಗಳ ಮಟ್ಟಿಗೆ ನೋಡಬೇಕಾದ ಸಂಕೇತಗಳು ಎರಡು: ರ‍್ಯಾಲಿ ಮೀಟರ್ ಬೋರ್ಡಿಗೆ ಎ-62, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಟ್ಯಾಕೋಮೀಟರಿಗೆ ಎನ್-85. ಇದಲ್ಲದೆ ಬಿಲ್ಡ್ ಶೀಟ್ ಎಂಬ ಕಾಗದ ಹಿಂಬದಿ ಸೀಟಿನ ಸ್ಪ್ರಿಂಗಿನ ಸಂದಿಯಲ್ಲೋ, ಕಾರ್ಪೆಟ್ಟಿನ ಅಡಿಯಲ್ಲೋ, ಗ್ಲೋವ್ ಬಾಕ್ಸಿನ ಮೇಲೋ ಇನ್ನೂ ಸಿಕ್ಕಿಹಾಕಿಕೊಂಡಿರಬಹುದು. ಷೆವರ್ಲೆಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೂ ಸಿಗುತ್ತದೆ. ಮಾರುವವರು ಒಪ್ಪಿದರೆ ಸೀಟು ಎತ್ತಿ ನೋಡಿ. ಸಿಕ್ಕಿದರೆ ಎಳೆಯಬೇಡಿ, ಅರ್ಧ ಶತಮಾನ ದಾಟಿದ ಕಾಗದ, ಬೆರಳು ತಾಗಿದರೆ ಪುಡಿಯಾಗುತ್ತದೆ. ಮೊದಲು ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ.

ಷೆವರ್ಲೆಯದ್ದೇ ಕಷ್ಟ. ಅಮೆರಿಕದಲ್ಲಿ ಮಾರಾಟವಾದ ಕಾರುಗಳಿಗೆ ಪಾಂಟಿಯಾಕಿನಂಥ ದಾಖಲೆ ಸೇವೆ ಇಲ್ಲ. ಹೊಸದಾಗಿ ಕೆನಡಾದಲ್ಲಿ ಮಾರಾಟವಾಗಿದ್ದ ಕಾರಾದರೆ ಷೆವರ್ಲೆ, ಪಾಂಟಿಯಾಕ್, ಬ್ಯೂಕ್‌ಗಳ ಮಾತೃ ಕಂಪನಿ ಜಿಎಂನ ಕೆನಡಾ ಶಾಖೆಯಿಂದ ವಿವರ ಸಿಗುತ್ತದೆ. ಉಳಿದವರಿಗೆ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ವಾರಂಟಿ ಪುಸ್ತಕದ ಲೋಹದ ತುಂಡು, ಬಿಲ್ಡ್ ಶೀಟು, ಡೀಲರಿನ ಬಿಲ್ಲು ಇವೇ ಗತಿ. 1969ರ ಕ್ಯಾಮರೊ ಒಹಾಯೊದ ನಾರ್ವುಡ್ ಕಾರ್ಖಾನೆಯದ್ದಾಗಿದ್ದು, ಮುಂಗಾಜಿನ ಕೆಳಗಿನ ತಗಡಿನಲ್ಲಿ ಎಕ್ಸ್-33 ಅಥವಾ ಎಕ್ಸ್-77 ಎಂದಿದ್ದರೆ ಅದು ಝಡ್-28ರ ಗುರುತು. ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆಯ ತಗಡಿನಲ್ಲಿ ಈ ಎಕ್ಸ್ ಸಂಕೇತವಿಲ್ಲ, ಅದಿಲ್ಲವೆಂದು ಅಲ್ಲಿಯ ಕಾರನ್ನು ಅನುಮಾನಿಸಬೇಡಿ.

ತಗಡನ್ನೂ ಕಾಗದವನ್ನೂ ಹೊಸದಾಗಿ ಮಾಡಿಕೊಡುವವರಿದ್ದಾರೆ. ಆದ್ದರಿಂದ ಕಾಗದ ಹೇಳಿದ್ದನ್ನು ಕಾರಿನಲ್ಲಿ ಕಣ್ಣಾರೆ ಕಾಣಬೇಕು.

ಹೆಜ್ಜೆ 3: ಚಾಲಕನ ಸೀಟಿನಲ್ಲಿ ಕೂತು ಮೀಟರುಗಳನ್ನು ನೋಡಿ

ಇಲ್ಲಿ ಅವಸರ ಬೇಡ. ಕಾರು ಸ್ಟಾರ್ಟ್ ಮಾಡುವ ಮೊದಲೇ ಕೂತು ನೋಡಿ.

ಕ್ಯಾಮರೊದಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚು ನಕಲಾದ ಕಾರುಗಳಲ್ಲಿ ಅದೂ ಒಂದು. 1967ರ ಸಾದಾ ಕ್ಯಾಮರೊದಲ್ಲಿ ಎರಡು ದೊಡ್ಡ ದುಂಡು ಮೀಟರುಗಳು. ಎಡಕ್ಕೆ ಸ್ಪೀಡೋಮೀಟರು, ಬಲಕ್ಕೆ ಪೆಟ್ರೋಲ್ ಮುಳ್ಳು. ಆಯಿಲ್ ಪ್ರೆಶರ್, ಬಿಸಿ, ಚಾರ್ಜಿಂಗ್ ಇವಕ್ಕೆಲ್ಲ ಬರೀ ಎಚ್ಚರಿಕೆ ದೀಪ. ಯು-17 ಎಂಬ ಆಪ್ಷನ್ ತೆಗೆದುಕೊಂಡವರಿಗೆ ಬಲಗಡೆಯ ದೊಡ್ಡ ಗೂಡಿಗೆ ಟ್ಯಾಕೋಮೀಟರು ಬಂತು. ಪೆಟ್ರೋಲ್ ಮುಳ್ಳು ಅಲ್ಲಿಂದ ಕೆಳಗಿಳಿದು ಟೆಂಪರೇಚರ್, ಆಯಿಲ್ ಪ್ರೆಶರ್, ಆಮೀಟರುಗಳ (ಕರೆಂಟಿನ ಮೀಟರು) ಜೊತೆ ಗೇರ್ ಲಿವರಿನ ಮುಂದಿನ ಕನ್ಸೋಲಿಗೆ ಹೋಯಿತು. ರಸ್ತೆಯಿಂದ ಕಣ್ಣು ತೆಗೆದು ಮೊಣಕಾಲಿನ ಹತ್ತಿರ ನೋಡಬೇಕಾದ ಜಾಗ ಅದು. ಓಡಿಸುವವರಿಗೆ ಅನುಕೂಲವಲ್ಲ, ಆದರೂ ಆ ಕಾಲದ ಇಷ್ಟು ಚೆಂದದ ವಿನ್ಯಾಸ ನನಗೆ ಇನ್ನೊಂದು ಕಂಡಿಲ್ಲ. ಪರೀಕ್ಷಿಸುವವರಿಗೆ ಇದರಿಂದ ಸಿಗುವ ಸುಳಿವು ಇದು: ಕನ್ಸೋಲಿನಲ್ಲಿ ನಾಲ್ಕು ಮೀಟರ್ ಇದ್ದೂ ಬಲಗಡೆಯ ಗೂಡಿನಲ್ಲಿ ಇನ್ನೊಂದು ಪೆಟ್ರೋಲ್ ಮುಳ್ಳು ಉಳಿದಿದ್ದರೆ ಅದು ಕಂಪನಿ ಮಾಡಿದ್ದಲ್ಲ. ಡ್ಯಾಶ್ ಅಡಿಗೆ ಸ್ಟೀಲ್ ಪಟ್ಟಿ ಹೊಡೆದು ತೂಗುಬಿಟ್ಟ ಮೂರು ಮೀಟರುಗಳೂ ಹಾಗೆಯೇ, ಯಾರೋ ಆಮೇಲೆ ಹಾಕಿಸಿದ್ದು.

ಟ್ಯಾಕೋಮೀಟರಿನ ಕೆಂಪು ಗೆರೆಯನ್ನು ಬಿಡದೆ ಗಮನಿಸಿ. ಎಂಜಿನ್ ಬದಲಾದಂತೆ ಆ ಗೆರೆ ಶುರುವಾಗುವ ಜಾಗವೂ ಬದಲಾಗುತ್ತಿತ್ತು. ಮೃದುವಾದ ಎಂಜಿನ್ನಿಗೆ ಕೆಳಗೆ, ಎತ್ತರದ ಸುತ್ತುಗಳಲ್ಲಿ ಓಡುವ ಎಂಜಿನ್ನಿಗೆ ಮೇಲೆ. ಕಾಗದದಲ್ಲಿ ಹೇಳಿದ ಎಂಜಿನ್ನಿಗೂ ಟ್ಯಾಕಿನ ಕೆಂಪು ಗೆರೆಗೂ ತಾಳೆಯಾಗದಿದ್ದರೆ ಒಂದೋ ಮೀಟರು ಬೇರೆ ಕಾರಿನದು, ಇಲ್ಲವೇ ಎಂಜಿನ್ ಬೇರೆಯದು. ಸ್ಪೀಡೋಮೀಟರೂ ಮಾತಾಡುತ್ತದೆ. 1969ರಲ್ಲಿ ಪೆನ್ಸಿಲ್ವೇನಿಯಾದ ಡೀಲರ್ ಡಾನ್ ಯೆಂಕೊ ಷೆವರ್ಲೆಯಿಂದ ವಿಶೇಷ ಆರ್ಡರಿನಲ್ಲಿ 427 ಎಂಜಿನ್ನಿನ ಕ್ಯಾಮರೊಗಳನ್ನು ತರಿಸಿದರು. ಅಂಥ ಆರ್ಡರುಗಳನ್ನು ಕೋಪೋ ಎನ್ನುತ್ತಾರೆ. ಎಂಜಿನ್ನಿನದು ಕೋಪೋ 9561, ಅದರ ಜೊತೆಗೆ ಕೋಪೋ 9737 ಎಂಬ ಇನ್ನೊಂದು ಪ್ಯಾಕೇಜು. ಈ ಎರಡನೆಯದರಲ್ಲಿ 15 ಇಂಚಿನ ಚಕ್ರಗಳ ಜೊತೆ 140 ಮೈಲಿಯ ಸ್ಪೀಡೋಮೀಟರು ಸೇರಿತ್ತು. ಯೆಂಕೊ ಎಂದು ಹೇಳುವ ಕಾರಿನಲ್ಲಿ ಸಾದಾ 120 ಮೈಲಿಯ ಸ್ಪೀಡೋಮೀಟರು ಕೂತಿದ್ದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

1970ರ ಷೆವೆಲ್ ಎಸ್‌ಎಸ್‌ನಲ್ಲಿ ದುಂಡು ಮೀಟರುಗಳ ಬೋರ್ಡು ಇರಲೇಬೇಕು. ಸಾದಾ ಮಾಲಿಬುವಿನ ಅಡ್ಡಪಟ್ಟಿಯಂಥ ಸ್ಪೀಡೋಮೀಟರು ಕಂಡರೆ ಆ ಎಸ್‌ಎಸ್ ಬ್ಯಾಡ್ಜನ್ನು ನಂಬಬೇಡಿ. ದುಂಡು ಬೋರ್ಡು ಇದ್ದ ಮಾತ್ರಕ್ಕೂ ನಂಬಬೇಡಿ, ಮಾಂಟೆ ಕಾರ್ಲೋದಿಂದ ಬಿಚ್ಚಿ ತಂದು ಕೂರಿಸುವವರಿದ್ದಾರೆ. ಟ್ಯಾಕೋಮೀಟರು, ಆಮೀಟರು, ಟೆಂಪರೇಚರ್ ಸೇರಿದ್ದ ಯು-14 ಬೇರೆಯೇ ಆಪ್ಷನ್, ಅದಿಲ್ಲದ ಅಸಲಿ ಎಸ್‌ಎಸ್‌ಗಳೂ ಉಂಟು.

ಮಸ್ಟಾಂಗಿನ ವಿಷಯದಲ್ಲಿ ಕಾಲಕ್ರಮ ಗೊತ್ತಿರಬೇಕು. 1964ರ ಏಪ್ರಿಲ್‌ನಲ್ಲಿ ಬಂದ ಮೊದಲ ಕಾರುಗಳಲ್ಲಿ ಡೈನಮೋ ಇತ್ತು, ಹಾಗಾಗಿ ಚಾರ್ಜಿಂಗ್ ದೀಪದ ಮೇಲೆ ಜನರೇಟರ್ ಎಂಬುದರ ಜೆನ್ (GEN) ಎಂಬ ಮೂರು ಇಂಗ್ಲಿಷ್ ಅಕ್ಷರ. ಆ ವರ್ಷದ ಆಗಸ್ಟಿನ ಹೊತ್ತಿಗೆ ಆಲ್ಟರ್ನೇಟರ್ ಬಂದ ಮೇಲೆ ಅದು ಆಲ್ಟ್ ಎಂದಾಯಿತು. ಮೊದಲ ತಿಂಗಳುಗಳ ಕಾರು ಎಂದು ಹೆಚ್ಚು ಬೆಲೆ ಕೇಳುವವರ ಕಾರಿನಲ್ಲಿ ಈ ಪುಟ್ಟ ದೀಪವನ್ನು ಓದಿ. ಸಾದಾ ಬೋರ್ಡು ಫಾಲ್ಕನ್ ಕಾರಿನಿಂದ ಬಂದ ಅಡ್ಡ ಸ್ಪೀಡೋಮೀಟರು. 1965ರ ವಸಂತದಲ್ಲಿ ಜಿಟಿ ಪ್ಯಾಕೇಜಿನ ಜೊತೆ ಐದು ದುಂಡು ಮೀಟರಿನ ಬೋರ್ಡು ಬಂತು, ನಡುವೆ ಸ್ಪೀಡು, ಸುತ್ತ ನಾಲ್ಕು ಚಿಕ್ಕವು. ಪೋನಿ ಇಂಟೀರಿಯರ್ ಎಂದು ಕರೆಯುವ ಅಲಂಕಾರದ ಒಳಾಂಗಣಕ್ಕೂ ಇದೇ ಬೋರ್ಡು, ಮರದ ಗೆರೆಯ ಹೊದಿಕೆಯೊಂದಿಗೆ. 1966ರಲ್ಲಿ ಐದು ಮೀಟರು ಎಲ್ಲ ಮಸ್ಟಾಂಗಿಗೂ ಬಂತು. ಆದ್ದರಿಂದ 1966ರ ಕಾರಿನಲ್ಲಿ ಐದು ಮೀಟರು ತೋರಿಸಿ ಇದು ಜಿಟಿ ಎಂದರೆ ಆ ಮಾತಿಗೆ ಬೆಲೆಯಿಲ್ಲ. ಜಿಟಿಯ ಗಟ್ಟಿ ಪುರಾವೆ ಕಾರಿನ ಅಡಿಯಲ್ಲಿದೆ: ಎರಡು ಸೈಲೆನ್ಸರ್ ಪೈಪು ಹಿಂದಿನ ಬಂಪರಿನ ಕೆಳಗಿಂದ ಹೊರಬರುವ ಕಾರುಗಳಿಗೆ ಪೈಪಿನ ಹ್ಯಾಂಗರ್ ಹಿಡಿಯಲು ಫ್ರೇಮಿನ ಹಿಂಭಾಗಕ್ಕೆ ಕಾರ್ಖಾನೆಯಲ್ಲೇ ಬೆಸುಗೆ ಹಾಕಿದ ಬಲಪಡಿಸುವ ತಗಡು ಇರುತ್ತದೆ.

ಸ್ಟೀರಿಂಗ್ ಕಾಲಮಿನ ಎರಡು ಬದಿಗೆ ಕೂರುವ ರ‍್ಯಾಲಿ-ಪ್ಯಾಕ್, ಅಂದರೆ ಒಂದು ಕಡೆ ಟ್ಯಾಕು ಇನ್ನೊಂದು ಕಡೆ ಗಡಿಯಾರ, ಫೋರ್ಡಿನ ಒಳ್ಳೆಯ ಆಪ್ಷನ್‌ಗಳಲ್ಲಿ ಒಂದು. ಕೆ ಎಂಜಿನ್ನಿಗೆ 8000 ಸುತ್ತಿನ ಟ್ಯಾಕು, ಉಳಿದ ವಿ-8ಗಳಿಗೆ 6000. ಐದು ಮೀಟರಿನ ಬೋರ್ಡಿಗೆ ಕಾಲಮಿಗೆ ಒತ್ತಿ ಕೂರುವ ತಗ್ಗಿನ ಮಾದರಿ. ಇದನ್ನು ಡೀಲರುಗಳೂ ಮಾರುತ್ತಿದ್ದರು, ಹಾಗಾಗಿ ಅಸಲಿ ರ‍್ಯಾಲಿ-ಪ್ಯಾಕ್ ಇದ್ದರೂ ಕಾರ್ಖಾನೆಯಲ್ಲೇ ಹಾಕಿದ್ದೆಂದು ಹೇಳಲಾಗದು. 1967 ಮತ್ತು 1968ರ ಮಸ್ಟಾಂಗಿನಲ್ಲಿ ಟ್ಯಾಕು ಬೋರ್ಡಿನೊಳಗೇ ಬಂತು, ಆದರೆ ಅದಕ್ಕೆ ಜಾಗ ಬಿಟ್ಟುಕೊಟ್ಟದ್ದು ಆಯಿಲ್ ಪ್ರೆಶರ್ ಮೀಟರು ಮತ್ತು ಆಮೀಟರು. ಅವೆರಡೂ ಬರೀ ದೀಪಗಳಾದವು. ಟ್ಯಾಕು ಇರುವ ಕಾರಿನಲ್ಲಿ ಆಯಿಲ್ ಮೀಟರು ಕಾಣದಿದ್ದರೆ ಗಾಬರಿ ಬೇಡ, ಅದು ಸರಿಯಾದದ್ದೇ.

ಪಾಂಟಿಯಾಕಿನ ಹುಡ್ ಟ್ಯಾಕು 1967ರ ಆಪ್ಷನ್. ಮುಂಗಾಜಿನ ಆಚೆ, ಹುಡ್ಡಿನ ಮೇಲೆಯೇ ಕೂತ ಮೀಟರು. ಕಣ್ಣು ರಸ್ತೆಯಲ್ಲೇ ಇರುತ್ತದೆ, ಮಳೆ ಬಿಸಿಲು ನೇರ ಮೀಟರಿಗೆ ಬೀಳುತ್ತದೆ. ಗಾಜಿನೊಳಗೆ ಹಬೆ ಕೂರುವುದು ಅದರ ಹುಟ್ಟುಗುಣ. ಇದನ್ನೂ ಡೀಲರುಗಳು ಅಚ್ಚು ಇಟ್ಟು ಹುಡ್ಡು ಕೊರೆದು ಹಾಕಿಕೊಡುತ್ತಿದ್ದರು. ಆದ್ದರಿಂದ ತೂತಿನ ಅಂಚು ಒರಟಾಗಿದೆ ಎಂದ ಕೂಡಲೇ ಇತ್ತೀಚಿನ ಕೆಲಸ ಎಂದು ತೀರ್ಮಾನಿಸಬೇಡಿ, ಪಿಎಚ್‌ಎಸ್ ಕಾಗದ ನೋಡಿ. 1970ರ ಬ್ಯೂಕ್ ಜಿಎಸ್‌ಎಕ್ಸ್‌ಗೆ ಮಾತ್ರ ಹುಡ್ ಟ್ಯಾಕು ಕಡ್ಡಾಯವಾಗಿ ಬರುತ್ತಿತ್ತು. ಆ ವರ್ಷ ತಯಾರಾದದ್ದು 678 ಕಾರು, ಹಳದಿ ಮತ್ತು ಬಿಳಿ ಎರಡೇ ಬಣ್ಣ.

ಹೆಜ್ಜೆ 4: ಡ್ಯಾಶ್‌ಬೋರ್ಡಿನ ಹಿಂದೆ

ಈಗ ಬ್ಯಾಟರಿ ಕನೆಕ್ಷನ್ ತೆಗೆಸಿ. ಚಾಲಕನ ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿ, ಟಾರ್ಚು ಕನ್ನಡಿ ಹಿಡಿದು ಮೇಲೆ ನೋಡಿ. ಮೊದಲು ಕಣ್ಣಿಗೆ ಬೀಳಬೇಕಾದ್ದು ವೈರಿಂಗಿನ ಬಟ್ಟೆಟೇಪು ಅಥವಾ ಪ್ಲಾಸ್ಟಿಕ್ ಸುತ್ತು. ಕಂಪನಿ ವೈರಿಂಗಿನಲ್ಲಿ ಪ್ರತಿ ಕವಲೂ ಕಟ್ಟಿನಿಂದ ಸಹಜವಾಗಿ ಹೊರಬಂದು ಅಚ್ಚಿನ ಪ್ಲಗ್ಗಿನಲ್ಲಿ ಮುಗಿಯುತ್ತದೆ. ನೀಲಿ ಕೆಂಪು ಕ್ರಿಂಪ್ ಕನೆಕ್ಟರು, ಹಲ್ಲಿನಲ್ಲಿ ಸುಲಿದಂತೆ ಕಾಣುವ ಜೋಡಣೆ, ಬೇರೆ ಬಣ್ಣದ ವೈರು ಇವು ಕಂಡ ಕಡೆ ಬೆರಳಿಟ್ಟು ಆ ವೈರು ಯಾವ ಮೀಟರಿಗೆ ಹೋಗುತ್ತದೆ ಎಂದು ಹಿಂಬಾಲಿಸಿ.

ಬರೀ ದೀಪದ ಕಾರಿಗೂ ಮೀಟರಿನ ಕಾರಿಗೂ ಎಂಜಿನ್ ಬದಿಯಲ್ಲೂ ವ್ಯತ್ಯಾಸವಿದೆ. ದೀಪಕ್ಕೆ ಬೇಕಾದ್ದು ಆನ್ ಆಫ್ ಆಗುವ ಸ್ವಿಚ್ಚು, ಮೀಟರಿಗೆ ಬೇಕಾದ್ದು ಬಿಸಿಯಾದಂತೆ ರೆಸಿಸ್ಟೆನ್ಸ್ ಬದಲಿಸುವ ಸೆಂಡರು. ಜಿಎಂ ಕಾರುಗಳ ಆಮೀಟರಿಗೆ ಎಂಜಿನ್ ಕೋಣೆಯಿಂದ ಎರಡು ಸಣ್ಣ ವೈರು ಬರುತ್ತವೆ, ಒಂದೊಂದಕ್ಕೂ ದಾರಿಯಲ್ಲೇ ಪುಟ್ಟ ಫ್ಯೂಸು. ಯು-17 ಇದೆ ಎನ್ನುವ ಕ್ಯಾಮರೊದಲ್ಲಿ ಆ ಫ್ಯೂಸುಗಳ ಸುಳಿವೇ ಇಲ್ಲದಿದ್ದರೆ ಮೀಟರುಗಳು ಆಮೇಲೆ ಬಂದ ನೆಂಟರು.

ಕ್ರೈಸ್ಲರ್ ಬಳಗದ ಕಾರಾದರೆ ಇಲ್ಲಿ ಬೆಂಕಿಯ ಅಪಾಯವನ್ನೂ ನೋಡಬೇಕು. ಆ ಕಾರುಗಳಲ್ಲಿ ಚಾರ್ಜಿಂಗಿನ ಪೂರ್ತಿ ಕರೆಂಟು ಎಂಜಿನ್ ಗೋಡೆಯ ಪ್ಲಗ್ಗು ದಾಟಿ ಒಳಬಂದು, ಆಮೀಟರಿನ ಮೂಲಕವೇ ಹಾದು ಹೊರಗೆ ಹೋಗುತ್ತದೆ. ಹೊಸದರಲ್ಲಿ ಸರಿಯಿತ್ತು. ವರ್ಷ ಕಳೆದಂತೆ ಪಿನ್ನುಗಳಿಗೆ ತುಕ್ಕು, ಮೀಟರಿನ ಹಿಂದಿನ ನಟ್ಟುಗಳಿಗೆ ಸಡಿಲ, ಸಡಿಲವಾದಲ್ಲಿ ಬಿಸಿ. ಆಮೀಟರಿನ ಎರಡು ದಪ್ಪ ವೈರು ಕೆಂಪು ಮತ್ತು ಕಪ್ಪು. ಅವು ಗೋಡೆಯ ಪ್ಲಗ್ಗು ಸೇರುವಲ್ಲಿ ಪ್ಲಾಸ್ಟಿಕ್ ಕಂದಾಗಿದೆಯೇ, ಕರಗಿ ಕುಳಿಬಿದ್ದಿದೆಯೇ ನೋಡಿ. ಆಗಿದ್ದರೆ ಕಾರನ್ನು ಓಡಿಸಿಕೊಂಡು ಮನೆಗೆ ತರಬೇಡಿ, ಟ್ರೈಲರಿನಲ್ಲಿ ತನ್ನಿ. ಆಮೀಟರನ್ನು ಬೈಪಾಸ್ ಮಾಡಿ, ಅದೇ ಹಳೆಯ ಮುಖದ ಹಿಂದೆ ವೋಲ್ಟ್‌ಮೀಟರಿನ ಯಂತ್ರ ಕೂರಿಸಿಕೊಡುವವರಿದ್ದಾರೆ. ಅಸಲಿತನದ ಬಗ್ಗೆ ಎಷ್ಟೇ ಕಟ್ಟುನಿಟ್ಟಿದ್ದರೂ ಈ ಒಂದು ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಹೆಮಿ ಕಾರೊಂದು ಸುಟ್ಟರೆ ಇನ್ನೊಂದು ಹುಟ್ಟುವುದಿಲ್ಲ.

ಹೆಜ್ಜೆ 5: ಮುಳ್ಳುಗಳ ಪರೀಕ್ಷೆ

ಬ್ಯಾಟರಿಯನ್ನು ಮತ್ತೆ ಜೋಡಿಸಿ. ಮೀಟರು ಕೆಲಸ ಮಾಡುತ್ತಿಲ್ಲ ಎಂದ ಕೂಡಲೇ ಮೀಟರು ಕೆಟ್ಟಿದೆ ಎಂದುಕೊಳ್ಳಬೇಡಿ. ಎಷ್ಟೋ ಸಲ ದೋಷ ಟ್ಯಾಂಕಿನ ಬಳಿಯ ತುಕ್ಕುಹಿಡಿದ ಅರ್ತ್ ವೈರಿನಲ್ಲಿರುತ್ತದೆ.

ಇಲ್ಲಿ ಕಂಪನಿಗಳ ನಡುವೆ ದೊಡ್ಡ ವ್ಯತ್ಯಾಸವಿದೆ. 1965ರಿಂದಾಚೆಯ ಜಿಎಂ ಪೆಟ್ರೋಲ್ ಸೆಂಡರು ಖಾಲಿಯಲ್ಲಿ 0 ಓಮ್, ತುಂಬಿದಾಗ 90. ಟ್ಯಾಂಕಿನ ಬಳಿ ಸೆಂಡರಿನ ವೈರು ಕಳಚಿ ಕೀ ಆನ್ ಮಾಡಿದರೆ ಮುಳ್ಳು ಫುಲ್ ದಾಟಿ ಹೋಗಬೇಕು, ಅದೇ ವೈರನ್ನು ಬಾಡಿಗೆ ಮುಟ್ಟಿಸಿದರೆ ಖಾಲಿಗೆ ಬೀಳಬೇಕು. ಹಾಗಾದರೆ ಮೀಟರು, ವೈರು ಎರಡೂ ಚೆನ್ನಾಗಿವೆ. ಕಾರಿನಲ್ಲಿ ಮುಳ್ಳು ಯಾವಾಗಲೂ ಫುಲ್ ಆಚೆಗೇ ನಿಂತಿದ್ದರೆ ವೈರು ಕಡಿದಿದೆ ಅಥವಾ ಅರ್ತ್ ಇಲ್ಲ. ಫೋರ್ಡ್, ಕ್ರೈಸ್ಲರುಗಳಲ್ಲಿ ಲೆಕ್ಕ ತಿರುಗುಮುರುಗು: ಖಾಲಿಯಲ್ಲಿ ಸುಮಾರು 73 ಓಮ್, ತುಂಬಿದಾಗ 10. ವೈರು ಕಳಚಿದರೆ ಮುಳ್ಳು ಖಾಲಿಯಲ್ಲೇ ಉಳಿಯುತ್ತದೆ, ಬಾಡಿಗೆ ಮುಟ್ಟಿಸಿದರೆ ನಿಧಾನವಾಗಿ ಫುಲ್ ಕಡೆ ಏರುತ್ತದೆ. ಕೆಲವೇ ಸೆಕೆಂಡು ಮುಟ್ಟಿಸಿ ಬಿಟ್ಟುಬಿಡಿ, ಹೆಚ್ಚು ಹೊತ್ತು ಹಿಡಿದರೆ ಮೀಟರಿನ ಸುರುಳಿ ಸುಡುತ್ತದೆ.

ಮುಳ್ಳು ನಿಧಾನ ಏರುವುದಕ್ಕೂ ಕಾರಣವಿದೆ. ಫೋರ್ಡ್, ಕ್ರೈಸ್ಲರ್ ಮೀಟರಿನೊಳಗೆ ಎರಡು ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಅದಕ್ಕೆ 12 ವೋಲ್ಟ್ ಕೊಡುವಂತಿಲ್ಲ. ಒಂದು ಪುಟ್ಟ ವೋಲ್ಟೇಜ್ ಲಿಮಿಟರು ಕರೆಂಟನ್ನು ಬಿಟ್ಟು ಬಿಟ್ಟು ಕಳಿಸಿ ಸರಾಸರಿ 5 ವೋಲ್ಟಿಗೆ ಇಳಿಸುತ್ತದೆ. ಪೆಟ್ರೋಲು, ಟೆಂಪರೇಚರು ಎರಡೂ ಮುಳ್ಳು ಒಟ್ಟೊಟ್ಟಿಗೆ ಮೇಲೇರಿದರೆ ಅಥವಾ ಒಟ್ಟೊಟ್ಟಿಗೆ ಸತ್ತರೆ ಅನುಮಾನಿಸಬೇಕಾದ್ದು ಈ ಲಿಮಿಟರನ್ನು. ಮೇಲೇರಿದರೆ ತಕ್ಷಣ ಕೀ ಆಫ್ ಮಾಡಿ. ಲಿಮಿಟರು ಅಂಟಿಕೊಂಡು ಪೂರ್ತಿ 12 ವೋಲ್ಟ್ ಬಿಡುತ್ತಿದ್ದರೆ ಎಲ್ಲ ಮೀಟರುಗಳೂ ಸುಟ್ಟುಹೋಗುತ್ತವೆ. ಕ್ರೈಸ್ಲರಿನ ಕೆಲವು ರ‍್ಯಾಲಿ ಬೋರ್ಡುಗಳಲ್ಲಿ ಇದು ಪೆಟ್ರೋಲ್ ಮೀಟರಿನ ಹೊಟ್ಟೆಯೊಳಗೇ ಇರುತ್ತದೆ. ಹೊಸ ಎಲೆಕ್ಟ್ರಾನಿಕ್ ಲಿಮಿಟರು ಹಾಕಿಸುವುದು ಅಗ್ಗದ ಕೆಲಸ, ಹೊರಗೆ ಕಾಣುವುದೂ ಇಲ್ಲ.

ಹಳೆಯ ಮಸ್ಟಾಂಗಿನ ಆಮೀಟರು ಅಲ್ಲಾಡುವುದೇ ಇಲ್ಲ ಎಂದು ದೂರುವವರು ಬಹಳ. ಅದು ಹೊಸದರಲ್ಲೂ ಹಾಗೆಯೇ ಮಂದ. ಎಂಜಿನ್ ಆಫ್ ಇರುವಾಗ ಹೆಡ್‌ಲೈಟ್ ಹಾಕಿ, ಮುಳ್ಳು ಒಂದು ಕೂದಲಿನಷ್ಟು ಎಡಕ್ಕೆ ಸರಿದರೂ ಸಾಕು.

ಟ್ಯಾಕು ತಪ್ಪು ತೋರಿಸುತ್ತಿದ್ದರೆ ಮೊದಲು ಡಿಸ್ಟ್ರಿಬ್ಯೂಟರು ನೋಡಿ. ಈ ಟ್ಯಾಕುಗಳು ಪಾಯಿಂಟ್ ಇಗ್ನಿಶನ್ನಿಗೆ ಮಾಡಿದವು. ಯಾರಾದರೂ ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿಸಿದ್ದರೆ ಮುಳ್ಳು ಕುಣಿಯುತ್ತದೆ ಅಥವಾ ನಿದ್ದೆ ಹೋಗುತ್ತದೆ, ಅಡಾಪ್ಟರ್ ಬೇಕಾಗುತ್ತದೆ. ಗಡಿಯಾರವಂತೂ ಹೆಚ್ಚಿನ ಕಾರುಗಳಲ್ಲಿ ನಿಂತೇ ಇರುತ್ತದೆ. ಬೆಲೆ ಇಳಿಸಲು ಅದನ್ನು ನೆಪ ಮಾಡಬೇಡಿ.

ಹೆಜ್ಜೆ 6: ಓಡಿದ ಮೈಲಿ

ಮೈಲಿಯ ಅಂಕಿ ಐದೇ ಸ್ಥಾನದ್ದು. 99,999 ದಾಟಿದರೆ ಮತ್ತೆ ಸೊನ್ನೆ. 43,000 ಎಂದು ತೋರಿಸುವ ಕಾರು 1,43,000 ಓಡಿರಬಹುದು. ಮೈಲಿ ತಿದ್ದುವುದು ಅಮೆರಿಕದಲ್ಲಿ 1972ರ ಕಾಯಿದೆಯಿಂದ ಅಪರಾಧ, ಆದರೆ ಇಷ್ಟು ಹಳೆಯ ಕಾರು ಕೈ ಬದಲಾಗುವಾಗ ಮೈಲಿ ಘೋಷಣೆಯಿಂದ ವಿನಾಯಿತಿ ಇದೆ. ಮಾರುವವರ ಮಾತಿನ ಬದಲು ಹಳೆಯ ಸರ್ವಿಸ್ ಬಿಲ್ಲು, ಆಯಿಲ್ ಬದಲಿಸಿದಾಗ ಬಾಗಿಲಿಗೆ ಅಂಟಿಸಿದ ಚೀಟಿ ಕೇಳಿ. ಜೊತೆಗೆ ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗಿನ ಹಿಡಿತದ ಜಾಗದ ಸವೆತ ನೋಡಿ.

ಹೆಜ್ಜೆ 7: ಕೊಂಡ ಮೇಲೆ

ಮಾಸಿದ ಮೀಟರನ್ನು ಕಂಡು ಹೊಸದಕ್ಕೆ ಆರ್ಡರ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ತಡೆದುಕೊಳ್ಳಿ. ಬಿಸಿಲಿಗೆ ಬಣ್ಣ ಬಿಟ್ಟು ಕಿತ್ತಳೆಯಿಂದ ಬೆಳ್ಳಗಾದ ಮುಳ್ಳು, ಸ್ವಲ್ಪ ಹಳದಿಯಾದ ಅಂಕಿಗಳು ಆ ಕಾರು ಅಷ್ಟು ವರ್ಷ ಬದುಕಿದ್ದರ ಗುರುತು. ಮುಳ್ಳಿಗೆ ಬಣ್ಣ ಬಳಿಯುವುದಿದ್ದರೂ ತೆಳುವಾಗಿ ಒಂದೇ ಕೋಟು. ತೂಕ ಹೆಚ್ಚಾದರೆ ಓದು ತಪ್ಪುತ್ತದೆ. ಮೀಟರಿನ ಮುಖವನ್ನು ಒದ್ದೆ ಬಟ್ಟೆಯಿಂದ, ಗಾಜು ಒರೆಸುವ ದ್ರಾವಣದಿಂದ ಮುಟ್ಟಲೇಬೇಡಿ. ಅಂಕಿಗಳು ಸ್ಕ್ರೀನ್ ಪ್ರಿಂಟ್ ಮಾಡಿದವು, ಬಟ್ಟೆಗೆ ಅಂಟಿ ಬರುತ್ತವೆ. ಮೆತ್ತನೆಯ ಒಣ ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು. ಪ್ಲಾಸ್ಟಿಕ್ ಗಾಜನ್ನು ಮಾತ್ರ ಬಿಚ್ಚಿಕೊಂಡು ಪಾಲಿಶ್ ಮಾಡಿ. ಹೆಚ್ಚು ಬೆಳಕಿನ ಬಲ್ಬು ಹಾಕಿದರೆ ಹಿಂದಿನ ಬಣ್ಣದ ಹೊದಿಕೆ ಬಿಸಿಗೆ ಕರಗುತ್ತದೆ, ಹಳೆಯ ನಂಬರಿನ ಬಲ್ಬನ್ನೇ ಹುಡುಕಿ ತನ್ನಿ.

ನಿಂತ ಗಡಿಯಾರಕ್ಕೆ ಒಳಗೆ ಕ್ವಾರ್ಟ್ಸ್ ಯಂತ್ರ ಕೂರಿಸಿ ಹೊರಮುಖ ಹಾಗೇ ಉಳಿಸಬಹುದು. ಇಂಥ ರಿಪೇರಿಯಲ್ಲಿ ಹೊರತೆಗೆದ ಪ್ರತಿ ತುಂಡನ್ನೂ, ಸುಟ್ಟ ಲಿಮಿಟರನ್ನೂ, ಹಳೆಯ ಗಡಿಯಾರದ ಯಂತ್ರವನ್ನೂ ಒಂದೊಂದು ಚೀಲಕ್ಕೆ ಹಾಕಿ, ಎಲ್ಲಿಂದ ತೆಗೆದದ್ದು, ಯಾವತ್ತು ತೆಗೆದದ್ದು ಎಂದು ಬರೆದಿಡಿ. ಮುಂದೆ ಕಾರು ಮಾರುವಾಗ ಆ ಪೆಟ್ಟಿಗೆಯೂ ಕಾರಿನ ಜೊತೆ ಹೋಗಲಿ.

ಅಸಲಿ ಬೋರ್ಡು ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗಲು ರಿಪೇರಿ ಕಾಣದ ಕಾರುಗಳನ್ನು ನೋಡುತ್ತಲೇ ಇರಬೇಕು. ಆಗಸ್ಟಿನ ಮೂರನೆಯ ಶನಿವಾರ ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ಅವೆನ್ಯೂದಲ್ಲಿ ನಡೆಯುವ ಡ್ರೀಮ್ ಕ್ರೂಸ್‌ನಲ್ಲಿ ಸಾವಿರಾರು ಕಾರುಗಳು ರಸ್ತೆಗಿಳಿಯುತ್ತವೆ. ಪೆನ್ಸಿಲ್ವೇನಿಯಾದ ಕಾರ್ಲೈಲ್ ಸಂತೆಯಲ್ಲಿ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದು. ನವೆಂಬರಿನಲ್ಲಿ ಷಿಕಾಗೊ ಬಳಿಯ ರೋಸ್‌ಮಾಂಟಿನಲ್ಲಿ ಮಸಲ್ ಕಾರುಗಳದ್ದೇ ಮೇಳ. ಹುಡ್ಡು ತೆರೆದಿರುವ ಕಡೆ ಜನ ಗುಂಪುಗೂಡುತ್ತಾರೆ. ನೀವು ಮಾಲೀಕರನ್ನು ಕೇಳಿ ಚಾಲಕನ ಬಾಗಿಲು ತೆರೆಸಿಕೊಳ್ಳಿ, ಮೀಟರುಗಳ ಫೋಟೋ ತೆಗೆದು ಅದರ ಜೊತೆ ಕಾರಿನ ವರ್ಷ, ಎಂಜಿನ್, ಕಾರ್ಖಾನೆ ಬರೆದಿಟ್ಟುಕೊಳ್ಳಿ.